ಸುಟ್ಟ ಗಾಯ ಮಾಗಿದ ಮೇಲೆ
(ಗ್ರಾಮದ ಆರೋಗ್ಯ ಸಭೆಯಲ್ಲಿ ಮಾಡಿದ ಭಾಷಣ)



ಬೆಂಕಿ ತಾಗಿದ ಕೂಡಲೆ ಏನು ಮಾಡಬೇಕೆಂಬುದು ನಿಮ್ಮಲ್ಲಿ ಬಹುಮಂದಿಗೆ ಈಗ ತಿಳಿದಿದೆ. ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕು. ಟೂತ್‌ಪೇಸ್ಟು, ಶಾಯಿ, ಹಿಟ್ಟು ಯಾವುದನ್ನೂ ಬಳಿಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಅದನ್ನು ನಾನು ಇಂದು ಮತ್ತೆ ಹೇಳಲು ಬಂದಿಲ್ಲ. ನಾನು ಹೇಳಬೇಕೆಂದಿರುವುದು ಅದರ ಮುಂದಿನ ಮಾತು. ಗಾಯ ಮುಚ್ಚಿತು, ಪಟ್ಟಿ ಬಿಚ್ಚಿದರು, ಮನೆಗೆ ಕಳಿಸಿದರು, ದೇವರಿಗೆ ಹಣ್ಣುಕಾಯಿಯೂ ಆಯಿತು. ಆಮೇಲೆ ಏನು?

ನಾನು ಭೌತಚಿಕಿತ್ಸೆಯ ಕೆಲಸಕ್ಕೆ, ಎಂದರೆ ನೀವೆಲ್ಲ ಫಿಸಿಯೋಥೆರಪಿ ಎನ್ನುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಂಟು ವರ್ಷದ ಒಬ್ಬ ಹುಡುಗಿಯನ್ನು ಕರೆತಂದರು. ಬಚ್ಚಲಿನ ಹಂಡೆಯ ಕುದಿನೀರು ಬಲಗಡೆಯ ಕಂಕುಳು, ತೋಳು ಮತ್ತು ಕುತ್ತಿಗೆಯ ಮೇಲೆ ಬಿದ್ದಿತ್ತು. ಗಾಯವೇನೋ ಚೆನ್ನಾಗಿ ಮಾಗಿತ್ತು. ಆದರೆ ನಾಲ್ಕು ತಿಂಗಳಾಗಿತ್ತು. ಕೈ ಹೆಗಲಿನ ಮಟ್ಟಕ್ಕೂ ಏಳುತ್ತಿರಲಿಲ್ಲ. ಕಂಕುಳಿನಲ್ಲಿ ಹಗ್ಗದಂತೆ ದಪ್ಪನೆಯ ಚರ್ಮ ಎದ್ದು ತೋಳನ್ನು ಪಕ್ಕೆಗೆ ಕಟ್ಟಿಹಾಕಿತ್ತು. ಜಡೆ ಹಾಕಿಕೊಳ್ಳಲು ಅವಳಿಗೆ ಆಗುತ್ತಿರಲಿಲ್ಲ. ಅವಳ ಅಜ್ಜಿ ಕಣ್ಣೀರು ಹಾಕುತ್ತಾ, “ಮಗು ಅತ್ತೀತೆಂದು ನಾನು ಆ ಕೈಯನ್ನು ಅಲುಗಿಸಲೇ ಇಲ್ಲಪ್ಪ, ಜೋಪಾನವಾಗಿ ಮಡಿಚಿ ಮಲಗಿಸುತ್ತಿದ್ದೆ” ಎಂದರು. ಆ ಅಜ್ಜಿಯ ತಪ್ಪೇನೂ ಇರಲಿಲ್ಲ. ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ‘ವ್ಯಾಯಾಮ ಮಾಡಿಸಿ’ ಎಂದು ಒಂದೇ ಸಾಲು ಬರೆದಿತ್ತು. ಯಾವ ವ್ಯಾಯಾಮ, ಎಷ್ಟು ಹೊತ್ತು, ಏಕೆ ಎಂಬುದನ್ನು ಹೇಳಬೇಕಾದವರು ನಮ್ಮ ಕಸುಬಿನವರು, ಹೇಳಿರಲಿಲ್ಲ. ಅದೇ ಕಾರಣದಿಂದ ಇಂದು ನಾನು ಸ್ವಲ್ಪ ವಿವರವಾಗಿಯೇ ಮಾತಾಡುತ್ತೇನೆ.

ಗಾಯ ಮುಚ್ಚಿದ ಮಾತ್ರಕ್ಕೆ ಒಳಗಿನ ಕೆಲಸ ಮುಗಿದಂತಲ್ಲ. ಶರೀರವು ಕೊಲ್ಯಾಜೆನ್ ಎಂಬ ನಾರನ್ನು ಅಲ್ಲಿ ಕಟ್ಟುತ್ತಲೇ ಇರುತ್ತದೆ. ಒಳ್ಳೆಯ ಚರ್ಮದಲ್ಲಿ ಈ ನಾರು ಬುಟ್ಟಿಯ ಹೆಣಿಗೆಯಂತೆ ಅಚ್ಚುಕಟ್ಟಾಗಿರುತ್ತದೆ. ಆಳವಾಗಿ ಸುಟ್ಟ ಕಡೆ ಅದು ಬೇಕಾದುದಕ್ಕಿಂತ ಹೆಚ್ಚಾಗಿ, ಗಂಟುಗಂಟಾಗಿ ಸೇರುತ್ತದೆ. ಕಲೆ ಕೆಂಪಾಗಿ, ಗಟ್ಟಿಯಾಗಿ, ಸುತ್ತಲಿನ ಚರ್ಮಕ್ಕಿಂತ ಎತ್ತರವಾಗಿ ಏಳುತ್ತದೆ. ವಿಪರೀತ ನವೆಯೂ ಇರುತ್ತದೆ. ಇದೇ ಉಬ್ಬುಕಲೆ. ಇದಲ್ಲದೆ, ಗಾಯದ ಬಾಯನ್ನು ಸೇರಿಸಲೆಂದು ಅಂಚುಗಳನ್ನು ಎಳೆಯುವ ಒಂದು ಜಾತಿಯ ಜೀವಕಣಗಳು ಅಲ್ಲಿರುತ್ತವೆ. ಸಣ್ಣಪುಟ್ಟ ಗಾಯದಲ್ಲಿ ಅವು ತಮ್ಮ ಕೆಲಸ ಮುಗಿಸಿ ಮರೆಯಾಗುತ್ತವೆ. ಆಳದ ಸುಟ್ಟಗಾಯದಲ್ಲಿ ತಿಂಗಳುಗಟ್ಟಲೆ ಉಳಿದು ಎಳೆಯುತ್ತಲೇ ಇರುತ್ತವೆ. ಆ ಎಳೆತ ಕೀಲಿನ ಮೇಲಿದ್ದರೆ ಕೀಲು ಮಡಿಚಿಕೊಳ್ಳುತ್ತದೆ.

ಯಾವ ಗಾಯ ಉಬ್ಬುತ್ತದೆ ಎಂಬುದನ್ನು ಮಾಗಲು ಹಿಡಿದ ದಿನಗಳಿಂದ ಬಹುಮಟ್ಟಿಗೆ ಊಹಿಸಬಹುದು. 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 14ರಿಂದ 21 ದಿನಗಳಲ್ಲಿ ಮಾಗಿದ ಜಾಗಗಳಲ್ಲಿ ಸುಮಾರು ಮೂರರಲ್ಲೊಂದು ಉಬ್ಬಿತು. 21 ದಿನ ದಾಟಿ ಮಾಗಿದವುಗಳಲ್ಲಿ ನೂರಕ್ಕೆ 78 ಉಬ್ಬಿದವು. ಎರಡು ವಾರದೊಳಗೆ ಮಾಗಿದ ಗಾಯ ಉಬ್ಬುವುದು ಕಡಮೆ. ಆದುದರಿಂದ ಮನೆಯಲ್ಲಿ ಯಾರಿಗಾದರೂ ಸುಟ್ಟರೆ ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮೂರು ವಾರವಾದರೂ ಗಾಯ ಹಸಿಯಾಗಿದ್ದರೆ, ಉಬ್ಬುಕಲೆ ಬರುವುದೆಂದು ತಿಳಿದೇ ಮುಂದಿನ ಕೆಲಸಕ್ಕೆ ಸಿದ್ಧರಾಗಬೇಕು.

ಮೊದಲ ಆರು ತಿಂಗಳಲ್ಲಿ ಕಲೆ ಬೆಳೆಯುತ್ತದೆ. ಅನಂತರ ನಿಧಾನವಾಗಿ ತಣಿಯುತ್ತಾ ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಬಣ್ಣ ಮಾಸಿ ಮೆತ್ತಗಾಗುತ್ತದೆ. ಅಷ್ಟು ದಿನವೂ ಅದು ಹಸಿಯ ಮಡಕೆಯಿದ್ದಂತೆ, ನಾವು ತಿದ್ದಿದ ಕಡೆಗೆ ತಿರುಗುತ್ತದೆ. ಗಾಯದ ಗಡಿಯನ್ನು ದಾಟಿ ಪಕ್ಕದ ಒಳ್ಳೆಯ ಚರ್ಮದ ಮೇಲೂ ಹಬ್ಬುವ ಇನ್ನೊಂದು ಜಾತಿಯ ಗಡ್ಡೆಯುಂಟು. ಅದನ್ನು ಕೀಲಾಯ್ಡ್ ಎನ್ನುತ್ತಾರೆ. ಅದರ ದಾರಿಯೇ ಬೇರೆ, ಅದನ್ನು ವೈದ್ಯರಿಗೇ ತೋರಿಸಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಉಬ್ಬುಕಲೆಯಿಂದ ಆಗುವ ಕೇಡು ಎರಡು ಬಗೆಯದು. ಒಂದು ದಪ್ಪ, ಗಟ್ಟಿತನ ಮತ್ತು ನವೆ. ಇನ್ನೊಂದು ಕೀಲಿನ ಸೆಳೆತ. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಆದುದರಿಂದ ಅದಕ್ಕೆ ಮದ್ದು ಹುಡುಕಿಕೊಂಡು ಜನ ಅಂಗಡಿಗೆ ಹೋಗುತ್ತಾರೆ. ಎರಡನೆಯದು ದಿನಕ್ಕೆ ಒಂದು ನೂಲೆಳೆಯಷ್ಟು ಬರುತ್ತದೆ, ಬಂದುದು ಗೊತ್ತಾಗುವುದಿಲ್ಲ. ಕೊಂಡುತರುವ ವಸ್ತುಗಳು ಬಹುಪಾಲು ದಪ್ಪಕ್ಕೆ ಮಾತ್ರ. ಕೀಲನ್ನು ಉಳಿಸುವುದು ಮಲಗಿಸುವ ರೀತಿ ಮತ್ತು ಎಳೆದು ಚಾಚಿಸುವ ವ್ಯಾಯಾಮ. ಇವೆರಡಕ್ಕೂ ಕಾಸು ಬೇಡ. ಕಾಸಿಲ್ಲದ್ದೆಂದೇ ಏನೋ, ಇವನ್ನೇ ಜನ ಮೊದಲು ಬಿಡುತ್ತಾರೆ. ಸಾಲ ಮಾಡಿ ದುಬಾರಿ ಹಾಳೆ ತಂದು ಅಂಟಿಸಿ, ಮೊಣಕೈಯನ್ನು ಮಡಿಚಿಯೇ ಇಟ್ಟುಕೊಂಡು ಬಂದವರನ್ನು ನಾನು ನೋಡಿದ್ದೇನೆ.

ಮಲಗಿಸುವ ರೀತಿಯನ್ನು ಹೇಳುತ್ತೇನೆ, ಗಮನವಿಟ್ಟು ಕೇಳಿ. ಸುಟ್ಟವರು ನೋವಿಗೆ ಹೆದರಿ ಕೈಕಾಲನ್ನು ಮುದುಡಿಕೊಳ್ಳುತ್ತಾರೆ. ಯಾವ ಭಂಗಿಯಲ್ಲಿ ಹಾಯೆನಿಸುತ್ತದೆಯೋ ಕೀಲು ಸೆಟೆದುಕೊಳ್ಳುವುದು ಅದೇ ಭಂಗಿಯಲ್ಲಿ. ಕುತ್ತಿಗೆಯ ಮುಂಭಾಗ ಸುಟ್ಟಿದ್ದರೆ ತಲೆಗೆ ದಿಂಬು ಬೇಡವೇ ಬೇಡ. ಟವೆಲನ್ನು ಸುತ್ತಿ ಹೆಗಲುಗಳ ಕೆಳಗೆ ಇಡಿ, ಗದ್ದ ಮೇಲಕ್ಕೆ ಬರಲಿ. ಕಂಕುಳು ಸುಟ್ಟಿದ್ದರೆ ತೋಳು ಪಕ್ಕೆಗೆ ಅಂಟಿಕೊಂಡಿರಬಾರದು. ಹೆಗಲಿನ ನೇರಕ್ಕೆ ಅಡ್ಡಲಾಗಿ ಚಾಚಿ, ಹಾಸಿಗೆಯ ಪಕ್ಕದಲ್ಲಿ ಅಷ್ಟೇ ಎತ್ತರದ ದಿಂಬನ್ನೋ ಮಣೆಯನ್ನೋ ಇಟ್ಟು ಅದರ ಮೇಲೆ ಊರಿಸಬೇಕು. ಮೊಣಕೈಯ ಒಳಮಗ್ಗುಲು ಸುಟ್ಟಿದ್ದರೆ ಕೈ ನೇರ. ಮೊಣಕಾಲಿನ ಹಿಂಭಾಗವಾದರೆ ಕಾಲು ನೇರ, ಮೊಣಕಾಲಡಿ ದಿಂಬು ಕೂಡದು. ಪಾದ ಕೆಳಕ್ಕೆ ಜೋತು ಬೀಳದಂತೆ ಅಂಗಾಲಿಗೆ ಹಲಗೆಯ ಆನಿಕೆ ಕೊಡಬೇಕು.

ಕೈಯ ವಿಷಯ ಇನ್ನೂ ನಾಜೂಕು. ಅಂಗೈಯ ಹಿಂಭಾಗ ಸುಟ್ಟಿದ್ದರೆ ಮಣಿಕಟ್ಟನ್ನು ಸ್ವಲ್ಪ ಮೇಲಕ್ಕೆತ್ತಿ, ಬೆರಳುಗಳ ಬುಡದ ಗೆಣ್ಣನ್ನು ಬಾಗಿಸಿ, ಬೆರಳನ್ನು ಮಾತ್ರ ನೇರವಾಗಿಡಬೇಕು. ಹಾವಿನ ಹೆಡೆಯನ್ನು ಕೈಯಲ್ಲಿ ತೋರಿಸುತ್ತೇವಲ್ಲ, ಹೆಚ್ಚುಕಡಮೆ ಹಾಗೆ; ಹೆಬ್ಬೆರಳು ದೂರಕ್ಕಿರಬೇಕು. ಒಳ ಅಂಗೈ ಸುಟ್ಟಿದ್ದರೆ ಇದಕ್ಕೆ ವಿರುದ್ಧ: ಬೆರಳುಗಳನ್ನೆಲ್ಲ ಅಗಲಿಸಿ ಅಂಗೈ ಬಿಚ್ಚಿಡಬೇಕು. ನೆಲದಲ್ಲಿ ಅಂಬೆಗಾಲಿಡುತ್ತಾ ಹೋಗಿ ಬಿಸಿ ಹೆಂಚನ್ನೋ ಇಸ್ತ್ರಿ ಪೆಟ್ಟಿಗೆಯನ್ನೋ ಮುಟ್ಟಿದ ಕೂಸುಗಳಲ್ಲಿ ಈ ಅಂಗೈಯ ಗಾಯವೇ ಹೆಚ್ಚು. ರಾತ್ರಿ ಈ ಭಂಗಿ ಕೆಡದಿರಲೆಂದು ನಾವು ಪ್ಲಾಸ್ಟಿಕ್ಕಿನಿಂದಲೋ ಪ್ಲಾಸ್ಟರಿನಿಂದಲೋ ಅಳತೆಗೆ ದಬ್ಬೆ ಮಾಡಿಕೊಡುತ್ತೇವೆ. ಸ್ಪ್ಲಿಂಟ್ ಎನ್ನುವುದು ಇದನ್ನೇ. ದಬ್ಬೆಯೊಂದನ್ನೇ ನಂಬಬೇಡಿ. ಅದು ರಾತ್ರಿಯ ಕಾವಲುಗಾರ. ಹಗಲಿನ ದುಡಿಮೆ ವ್ಯಾಯಾಮದ್ದು. ಹಗಲು ರಾತ್ರಿ ಬಿಚ್ಚದೆ ಕಟ್ಟಿಟ್ಟರೆ ಕೀಲು ಇನ್ನೊಂದು ಕಡೆಗೆ ಬಿಗಿದುಕೊಳ್ಳುವ ಅಪಾಯವೂ ಉಂಟು.

ಚಾಚಿಸುವಾಗ ಜಗ್ಗಿ ಎಳೆಯಬಾರದು. ಮೊದಲು ಕಲೆಗೆ ಎಣ್ಣೆ ಸವರಿ ಮೆತ್ತಗೆ ಮಾಡಿಕೊಳ್ಳಿ. ಅನಂತರ ನಿಧಾನವಾಗಿ ಕೀಲನ್ನು ಬಿಚ್ಚುತ್ತಾ ಹೋಗಿ, ಕೆಂಪು ಕಲೆ ಬಿಳಿಚಿಕೊಂಡ ಜಾಗದಲ್ಲಿ ನಿಲ್ಲಿಸಿ. ಬಿಳಿಚಿತೆಂದರೆ ಎಳೆತ ಕಲೆಗೆ ತಲುಪಿತೆಂದು ಅರ್ಥ. ಅಲ್ಲಿಯೇ ಮೂವತ್ತು ಎಣಿಸಿ, ಸಡಿಲ ಬಿಡಿ. ಹೀಗೆ ಐದಾರು ಸಲ. ದಿನಕ್ಕೆ ನಾಲ್ಕೈದು ಹೊತ್ತು. ಕಲೆ ಕುತ್ತಿಗೆಯಿಂದ ಕಂಕುಳಿನವರೆಗೆ ಹರಡಿದ್ದರೆ ಕುತ್ತಿಗೆಯನ್ನು ಆಚೆಗೆ ತಿರುಗಿಸಿ ಕೈಯನ್ನೂ ಎತ್ತಿಸಬೇಕು. ಒಂದೊಂದನ್ನೇ ಬೇರೆಯಾಗಿ ಚಾಚಿಸಿದರೆ ಕಲೆ ಜಾಣತನದಿಂದ ಇನ್ನೊಂದು ಕಡೆಯ ಚರ್ಮವನ್ನು ಎರವಲು ತಂದುಕೊಳ್ಳುತ್ತದೆ. ಮಗು ಅಳುತ್ತದೆ, ನಿಜ. ನೋವು ಹೆಚ್ಚಾದರೆ ವೈದ್ಯರನ್ನು ಕೇಳಿ, ಅವರು ಹೇಳಿದ ನೋವಿನ ಔಷಧಿಯನ್ನು ಅರ್ಧ ಗಂಟೆ ಮುಂಚೆ ಕೊಡಿ. ಆಟದಲ್ಲಿ ಮಾಡಿಸಿದರೆ ಅರ್ಧ ಕಷ್ಟ ಕಡಮೆಯಾಗುತ್ತದೆ. ದೊಡ್ಡವರು ಹಗ್ಗದ ಮೇಲೆ ಬಟ್ಟೆ ಹರವಲಿ, ಎತ್ತರದ ಗೂಡಿನಿಂದ ಡಬ್ಬ ಇಳಿಸಲಿ, ತಮ್ಮ ತಲೆಯನ್ನು ತಾವೇ ಬಾಚಿಕೊಳ್ಳಲಿ. “ಪಾಪ, ಸುಟ್ಟಿದೆ” ಎಂದು ಅವರ ಕೆಲಸವನ್ನೆಲ್ಲ ನೀವು ಮಾಡಿಕೊಡಬೇಡಿ.

ಇನ್ನು ನೀವುವುದು. ಎಣ್ಣೆ ನೀವುವುದು ನಮಗೆ ಹೊಸದಲ್ಲ. ಬಾಣಂತಿಗೂ ಕೂಸಿಗೂ ಮಾಡುತ್ತಲೇ ಬಂದಿದ್ದೇವೆ. ಕಲೆಯನ್ನು ನೀವುವುದು ಅದಕ್ಕಿಂತ ಸ್ವಲ್ಪ ಬೇರೆ. ಬೆರಳಿನ ತುದಿಯಿಂದ ಒತ್ತಿ, ಚರ್ಮದ ಮೇಲೆ ಜಾರದೆ, ಕಲೆಯನ್ನೇ ಅಡಿಯ ಮಾಂಸದ ಮೇಲೆ ಸುತ್ತು ಸುತ್ತಾಗಿ, ಅಡ್ಡಡ್ಡವಾಗಿ ಸರಿಸಬೇಕು. ಒಂದು ಸಲಕ್ಕೆ ಐದರಿಂದ ಹತ್ತು ನಿಮಿಷ, ದಿನಕ್ಕೆ ಎರಡು ಮೂರು ಸಲ. ಕೊಬ್ಬರಿ ಎಣ್ಣೆ ಸಾಕು, ಸುವಾಸನೆಯ ಎಣ್ಣೆ ಬೇಡ. ಗಾಯ ಪೂರ್ತಿ ಮುಚ್ಚಿ, ಹೊಸ ಚರ್ಮ ಒತ್ತಡ ತಡೆಯುವಷ್ಟಾದ ಮೇಲೆಯೇ ಪ್ರಾರಂಭಿಸಬೇಕು. ನೀರುಗುಳ್ಳೆ ಎದ್ದರೆ ಆ ಜಾಗವನ್ನು ಕೆಲವು ದಿನ ಬಿಡಬೇಕು. ಕೊರಿಯಾ ದೇಶದಲ್ಲಿ 146 ಮಂದಿ ಸುಟ್ಟವರನ್ನು ಎರಡು ಗುಂಪು ಮಾಡಿ ನೋಡಿದ ಒಂದು ಪರೀಕ್ಷೆ 2014ರಲ್ಲಿ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಯ ಜೊತೆಗೆ ನೀವಿಸಿಕೊಂಡವರಲ್ಲಿ ನೋವು, ನವೆ, ಕಲೆಯ ದಪ್ಪ ಎಲ್ಲವೂ ಹೆಚ್ಚು ಇಳಿದವು. ಆದರೆ ಈ ಬಗೆಯ ಪರೀಕ್ಷೆಗಳು ಚಿಕ್ಕವು, ಒಂದೊಂದರ ವಿಧಾನವೂ ಒಂದೊಂದು ಬಗೆ. ನನ್ನ ಕೈಯ ಅನುಭವವನ್ನು ಕೇಳಿದರೆ, ನವೆಗೂ ಮೆದುತನಕ್ಕೂ ನೀವುವುದು ಒಳ್ಳೆಯದು. ಬಲವಾಗಿ ಎದ್ದ ದಪ್ಪ ಕಲೆಯನ್ನು ನೀವುವುದೊಂದರಿಂದಲೇ ಇಳಿಸಿದ್ದನ್ನು ನಾನು ಕಂಡಿಲ್ಲ.

ದಪ್ಪಕ್ಕೆ ಹೆಸರಾದ ಚಿಕಿತ್ಸೆ ಒತ್ತುವ ಉಡುಪು, ಪ್ರೆಷರ್ ಗಾರ್ಮೆಂಟ್. ಅಳತೆ ತೆಗೆದು ಹೊಲಿದ, ಹಿಗ್ಗುವ ಬಟ್ಟೆಯ ಬಿಗಿಯಾದ ಕೈಚೀಲ, ಕಾಲುಚೀಲ, ರವಿಕೆ ಎಂದುಕೊಳ್ಳಿ. ಅಮೆರಿಕದ ಗ್ಯಾಲ್ವೆಸ್ಟನ್ ಎಂಬ ಊರಿನ ಮಕ್ಕಳ ಸುಟ್ಟಗಾಯದ ಆಸ್ಪತ್ರೆಯಲ್ಲಿ, 1970ರ ಆಸುಪಾಸಿನಲ್ಲಿ, ಬಿಗಿ ಬಟ್ಟೆ ಮತ್ತು ದಬ್ಬೆಯ ಕೆಳಗೆ ಇದ್ದ ಕಲೆ ಚಪ್ಪಟೆಯಾಗಿದ್ದುದನ್ನು ವೈದ್ಯರು ಗಮನಿಸಿದ ಮೇಲೆ ಇದು ಲೋಕದಲ್ಲೆಲ್ಲ ಬಳಕೆಗೆ ಬಂದಿತು. ಪಾದರಸದ 15ರಿಂದ 25 ಮಿಲಿಮೀಟರಿನಷ್ಟು ಒತ್ತಡ ಇರಬೇಕೆನ್ನುತ್ತಾರೆ. ರಕ್ತದೊತ್ತಡ ನೋಡುವಾಗ ತೋಳಿಗೆ ಸುತ್ತಿದ ಪಟ್ಟಿಗೆ ಗಾಳಿ ತುಂಬುತ್ತಾರಲ್ಲ, ಮೊದಮೊದಲು ಮೃದುವಾಗಿ ಹಿಡಿದಂತಾಗುತ್ತದೆಯಲ್ಲ, ಅಷ್ಟು. ದಿನಕ್ಕೆ 23 ಗಂಟೆ, ಸ್ನಾನಕ್ಕೂ ನೀವುವುದಕ್ಕೂ ಮಾತ್ರ ಬಿಚ್ಚಿ, ಆರು ತಿಂಗಳಿಂದ ಒಂದು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಹಾಕಿಕೊಳ್ಳಬೇಕು. ಒಗೆದು ಹಾಕಲು ಎರಡು ಜೊತೆ ಬೇಕು. ಎರಡು ಮೂರು ತಿಂಗಳಿಗೆ ಬಟ್ಟೆಯ ಬಿಗಿ ಸಡಿಲವಾಗುತ್ತದೆ, ಮತ್ತೆ ಹೊಲಿಸಬೇಕು.

ಇಷ್ಟು ಕಷ್ಟಕ್ಕೆ ಫಲವೆಷ್ಟು? 2010ರಲ್ಲಿ ಅಮೆರಿಕದಿಂದ ಬಂದ ಒಂದು ವರದಿ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಹನ್ನೆರಡು ವರ್ಷ ನಡೆದ ಆ ಪರೀಕ್ಷೆಯಲ್ಲಿ 54 ಮಂದಿಯ ಮುಂಗೈಯ ಒಂದೇ ಕಲೆಯ ಒಂದು ಭಾಗಕ್ಕೆ ಪೂರ್ತಿ ಒತ್ತಡ, ಇನ್ನೊಂದು ಭಾಗಕ್ಕೆ ತೀರ ಕಡಮೆ ಒತ್ತಡ ಕೊಟ್ಟು ನೋಡಿದರು. ಪೂರ್ತಿ ಒತ್ತಡದ ಭಾಗ ಹೆಚ್ಚು ಮೆತ್ತಗೆ, ತೆಳ್ಳಗೆ ಆಯಿತು. ಆದರೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಾದುದು ಮಧ್ಯಮ ಮತ್ತು ತೀವ್ರ ಕಲೆಗಳಲ್ಲಿ ಮಾತ್ರ. ಸ್ವಲ್ಪವೇ ಉಬ್ಬಿದ ಕಲೆಗೆ ಈ ಉಡುಪಿನ ಶಿಕ್ಷೆ ಬೇಡವೆಂದು ನನಗೆ ತೋರುತ್ತದೆ. ಶಿಕ್ಷೆ ಎಂದೆ. ರಾಯಚೂರು, ಬಳ್ಳಾರಿ, ಕಲಬುರಗಿಯ ಕಡೆಯವರು ಏಪ್ರಿಲ್ ತಿಂಗಳಲ್ಲಿ ಇದನ್ನು ತೊಟ್ಟು ಹೊಲದಲ್ಲಿ ನಿಂತರೆ ನನ್ನ ಮಾತು ಅರ್ಥವಾದೀತು. ಚಳಿದೇಶದವರು ಬರೆದ 23 ಗಂಟೆಯ ನಿಯಮವನ್ನು ನಮ್ಮ ಬೇಸಿಗೆಯಲ್ಲಿ ಅಕ್ಷರಶಃ ನಡೆಸಲು ಬಹುಮಂದಿಗೆ ಆಗುವುದಿಲ್ಲ. ಆಗಲಿಲ್ಲವೆಂದು ನಾಚಿ ಆಸ್ಪತ್ರೆಗೆ ಬರುವುದನ್ನೇ ಬಿಡಬೇಡಿ. ಎಷ್ಟು ಹೊತ್ತು ಆಗುತ್ತದೆಂದು ನಿಜ ಹೇಳಿ, ಅದಕ್ಕೆ ತಕ್ಕ ದಾರಿ ಹುಡುಕೋಣ. ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ ಕೂಡಲೆ ಬಿಚ್ಚಬೇಕು. ಬೆಳೆಯುವ ಮಕ್ಕಳ ಮುಖ, ದವಡೆಯ ಮೇಲೆ ಒತ್ತಡ ಕೊಡುವುದನ್ನು ತಿಳಿದವರೇ ನೋಡಿಕೊಳ್ಳಬೇಕು. ಮನೆಯಲ್ಲಿ ಹಳೆಯ ರಬ್ಬರು ಪಟ್ಟಿ ಸುತ್ತಿ ಕಟ್ಟುವ ಪ್ರಯೋಗ ಖಂಡಿತ ಮಾಡಬಾರದು.

ಸಿಲಿಕೋನ್ ಇದಕ್ಕಿಂತ ಈಚಿನದು. ಆಸ್ಟ್ರೇಲಿಯದ ಅಡಿಲೇಡ್ ಊರಿನ ವೈದ್ಯರು 1983ರಲ್ಲಿ ಇದನ್ನು ಸುಟ್ಟ ಕಲೆಯ ಹೊಸ ಚಿಕಿತ್ಸೆಯೆಂದು ಪ್ರಕಟಿಸಿದರು. ಮೆತ್ತನೆಯ, ಅಂಟಿಕೊಳ್ಳುವ, ಕನ್ನಡಿಯಂಥ ಹಾಳೆ. ಒತ್ತಿ ಕಟ್ಟಬೇಕಾಗಿಲ್ಲ, ಸುಮ್ಮನೆ ಮೇಲೆ ಕೂತರೆ ಸಾಕು. ಕಲೆಯ ಮೇಲಿಂದ ನೀರಿನಂಶ ಆರಿಹೋಗದಂತೆ ತಡೆದು ಮೇಲ್ಚರ್ಮವನ್ನು ಹದವಾಗಿಡುವುದರಿಂದ ಒಳಗಿನ ನಾರು ಕಟ್ಟುವಿಕೆ ತಗ್ಗುತ್ತದೆಂದು ತಿಳಿದವರು ಹೇಳುತ್ತಾರೆ. ಮೊದಲ ದಿನ ಎರಡು ಗಂಟೆ ಇಟ್ಟು, ದಿನದಿನಕ್ಕೆ ಹೆಚ್ಚಿಸುತ್ತಾ 12 ಗಂಟೆ ದಾಟಿಸಬೇಕು. ಮೂರರಿಂದ ಆರು ತಿಂಗಳು ಬಿಡದೆ ಹಾಕಬೇಕು. ಹಾಳೆಯನ್ನೂ ಚರ್ಮವನ್ನೂ ದಿನವೂ ಮೆತ್ತನೆಯ ಸೋಪಿನಿಂದ ತೊಳೆಯಬೇಕು, ಇಲ್ಲವಾದರೆ ಬೆವರುಸಾಲೆ ಏಳುತ್ತದೆ. ತೊಳೆದ ಹಾಳೆಯನ್ನೇ ಕೆಲವು ವಾರ ಬಳಸಬಹುದು. ಮುಖಕ್ಕೂ ಮಡಿಚುವ ಜಾಗಗಳಿಗೂ ಟ್ಯೂಬಿನಲ್ಲಿ ಬರುವ ಸಿಲಿಕೋನ್ ಜೆಲ್ಲು ಅನುಕೂಲ; ತೆಳ್ಳಗೆ ಸವರಿ ಆರಲು ಬಿಡಬೇಕು. ತೆರೆದ ಗಾಯದ ಮೇಲೆ ಯಾವುದನ್ನೂ ಹಾಕಬಾರದು.

ಎರಡರಲ್ಲಿ ಯಾವುದು ಮೇಲು ಎಂದು ಎಲ್ಲರೂ ಕೇಳುತ್ತಾರೆ. ಚಿಕಿತ್ಸೆಗಳ ಸಾಕ್ಷ್ಯವನ್ನು ತೂಗಿ ನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2013ರಲ್ಲಿಯೂ 2021ರಲ್ಲಿಯೂ ಸಿಲಿಕೋನ್ ಹಾಳೆಯ ಪರೀಕ್ಷೆಗಳನ್ನು ಕೂಡಿಸಿ ನೋಡಿ, ಸಾಕ್ಷ್ಯ ದುರ್ಬಲವೆಂದೇ ಹೇಳಿತು. ಒತ್ತುಡುಪಿನ ಪರೀಕ್ಷೆಗಳನ್ನು ಒಟ್ಟುಗೂಡಿಸಿದ 2009ರ ಒಂದು ಲೇಖನದಲ್ಲಿ ಕಂಡುದೂ ಕಲೆಯ ಎತ್ತರದಲ್ಲಿ ಸ್ವಲ್ಪ ಇಳಿತ ಮಾತ್ರ. ಹೀಗಿರುವಾಗ ನಾನು ನಡೆಸುವ ರೀತಿ ಇದು: ಚಿಕ್ಕ ಜಾಗವಾದರೆ ಸಿಲಿಕೋನ್, ಇಡೀ ತೋಳು, ಕಾಲು, ಎದೆ ಎಂಬಷ್ಟು ಅಗಲವಾಗಿ, ದಪ್ಪವಾಗಿ ಎದ್ದಿದ್ದರೆ ಒತ್ತುಡುಪು. ಅಷ್ಟು ಜಾಗಕ್ಕೆಲ್ಲ ಸಿಲಿಕೋನ್ ಹಾಳೆ ಕೊಳ್ಳಲು ಸಾಮಾನ್ಯರಿಗೆ ಸಾಧ್ಯವೂ ಇಲ್ಲ. ಎರಡನ್ನೂ ಕೊಳ್ಳುವ ಶಕ್ತಿ ಇಲ್ಲದಿದ್ದರೆ ಕಲೆ ಸ್ವಲ್ಪ ದಪ್ಪವಾಗಿ ಉಳಿದೀತು, ಆದರೆ ಭಂಗಿ, ಚಾಚುವಿಕೆ, ನೀವುವುದು ಸರಿಯಾಗಿ ನಡೆದರೆ ಕೈ ಕೈಯಾಗಿಯೇ ಉಳಿಯುತ್ತದೆ.

ಅಲ್ಟ್ರಾಸೌಂಡ್ ಎಂಬ ಯಂತ್ರದಿಂದ ಕಲೆಗೆ ಶಾಖದ ಚಿಕಿತ್ಸೆ ಕೊಡಿಸುವಂತೆ ಕೆಲವರು ಹೇಳುವುದುಂಟು. ವ್ಯಾಯಾಮದ ಜೊತೆ ಅದನ್ನು ಸೇರಿಸಿದರೆ ಲಾಭವೇನೆಂದು 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನೋಡಿದಾಗ ಹೆಚ್ಚಿನ ಲಾಭ ಕಂಡುಬರಲಿಲ್ಲ. ಅದಕ್ಕೆಂದು ಬಸ್ಸಿನ ಖರ್ಚು ಮಾಡಿಕೊಂಡು ಪಟ್ಟಣಕ್ಕೆ ಅಲೆಯಬೇಡಿ. ಬಿಸಿ ಮೇಣದ ಶಾಖ ಕೀಲನ್ನು ಸಡಿಲಿಸುತ್ತದೆ, ಆದರೆ ಸುಟ್ಟ ಚರ್ಮಕ್ಕೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ. ಮನೆಯಲ್ಲಿ ಮಾಡಹೋದರೆ ಸುಟ್ಟ ಮೇಲೆ ಇನ್ನೊಮ್ಮೆ ಸುಟ್ಟಂತಾದೀತು.

ನವೆಯನ್ನು ಹಗುರವಾಗಿ ಎಣಿಸಬೇಡಿ. ರಾತ್ರಿಯೆಲ್ಲ ಕೆರೆದು ಹೊಸ ಚರ್ಮ ಕಿತ್ತು ಮತ್ತೆ ಗಾಯವಾದವರು ಎಷ್ಟೋ ಮಂದಿ. ಮಕ್ಕಳ ಉಗುರು ಕತ್ತರಿಸಿ, ದಿನಕ್ಕೆ ಮೂರು ನಾಲ್ಕು ಸಲ ಎಣ್ಣೆ ಸವರಿ, ಒದ್ದೆ ತಣ್ಣನೆಯ ಬಟ್ಟೆ ಇಡಿ. ತಡೆಯಲಾಗದಿದ್ದರೆ ವೈದ್ಯರಲ್ಲಿ ಮಾತ್ರೆಯುಂಟು. ಕಲೆಯ ಮೇಲೆ ಒಂದು ವರ್ಷವಾದರೂ ಬಿಸಿಲು ಬೀಳದಂತೆ ಬಟ್ಟೆ ಮುಚ್ಚಿ.

ತಡವಾಗಿ ಬಂದವರಿಗೂ ದಾರಿಯಿದೆ. ಕಲೆಗೆ ಚುಚ್ಚುಮದ್ದು, ಲೇಸರು, ಬಿಗಿದ ಹಗ್ಗವನ್ನು ಕತ್ತರಿಸಿ ಬಿಡಿಸಿ ಬೇರೆ ಚರ್ಮ ಜೋಡಿಸುವ ಶಸ್ತ್ರಚಿಕಿತ್ಸೆ ಇವೆಲ್ಲ ದೊಡ್ಡ ಆಸ್ಪತ್ರೆಗಳಲ್ಲಿ ಆಗುತ್ತವೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಗೆಂದೇ ಬೇರೆ ವಿಭಾಗವಿದೆ. ನಾನು ಮೊದಲು ಹೇಳಿದ ಹುಡುಗಿಗೂ ಕೊನೆಗೆ ಶಸ್ತ್ರಚಿಕಿತ್ಸೆಯೇ ಆಯಿತು. ಅದಾದ ಮೇಲೆ ಹೊಸ ಚರ್ಮವೂ ಕುಗ್ಗಲು ನೋಡುತ್ತದಾದ್ದರಿಂದ ಅದೇ ದಬ್ಬೆ, ಅದೇ ಚಾಚುವಿಕೆ ಮತ್ತೆ ಮೊದಲಿನಿಂದ. ಈ ಸಲ ಅಜ್ಜಿಯೇ ನಿಂತು ಮಾಡಿಸಿದರು, ಅತ್ತರೂ ಬಿಡಲಿಲ್ಲ.

ಆ ಅಜ್ಜಿ ಅನುಸರಿಸಿದ ಒಂದು ಉಪಾಯವನ್ನು ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಅವರು ಓದು ಬರಹ ಬಲ್ಲವರಲ್ಲ, ಕೋನ ಅಳೆಯುವ ನಮ್ಮ ಉಪಕರಣ ಅವರಿಗೆ ಬೇಕಿರಲಿಲ್ಲ. ಪ್ರತಿ ಸೋಮವಾರ ಮೊಮ್ಮಗಳನ್ನು ಗೋಡೆಗೆ ಪಕ್ಕಾಗಿ ನಿಲ್ಲಿಸಿ, ಅಂಗಾಲು ನೆಲದಿಂದ ಏಳದಂತೆ ನೋಡಿಕೊಂಡು, ಕೈ ಎತ್ತಿಸಿ, ಬೆರಳ ತುದಿ ಮುಟ್ಟಿದ ಕಡೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತಿದ್ದರು. ನೀವೂ ಹಾಗೆ ಮಾಡಿ. ಗೆರೆ ಮೇಲೇರುತ್ತಿದ್ದರೆ ನಡೆಯುತ್ತಿರುವುದು ಸರಿ. ಎರಡು ವಾರ ಅಲ್ಲೇ ನಿಂತರೆ ಚಾಚುವ ಹೊತ್ತನ್ನು ಹೆಚ್ಚಿಸಿ. ಹಿಂದಿನ ಗೆರೆಗಿಂತ ಒಂದು ಬೆರಳು ಕೆಳಗಿಳಿದರೂ ಸಂತೆಯ ದಿನಕ್ಕೆ ಕಾಯದೆ ಮಗುವನ್ನು ಕರೆದುಕೊಂಡು ಬನ್ನಿ.